ಕುರಿ ಮಂದೆಯ ನಾಯಿಯನ್ನು ಮನೆಗೆ ತರುವ ಮುನ್ನ

(ದಾವಣಗೆರೆಯಲ್ಲಿ ನಾಯಿ ಸಾಕುವವರಿಗಾಗಿ ಪಶುವೈದ್ಯರೊಬ್ಬರು ಆಡಿದ ಮಾತಿನ ಬರಹ ರೂಪ)

ಇತ್ತೀಚೆಗೆ ನನ್ನ ಕ್ಲಿನಿಕ್ಕಿಗೆ ಬರುವ ಫೋನುಗಳಲ್ಲಿ ಒಂದು ಪ್ರಶ್ನೆ ಜಾಸ್ತಿ ಆಗಿದೆ. "ಡಾಕ್ಟ್ರೇ, ಬಾರ್ಡರ್ ಕೋಲಿ ತರೋಣ ಅಂತಿದ್ದೀವಿ, ಇಲ್ಲಾ ಅಂದ್ರೆ ಜರ್ಮನ್ ಶೆಫರ್ಡ್. ಯಾವುದು ಒಳ್ಳೇದು?" ಕೇಳುವವರು ಆಗಲೇ ಮೊಬೈಲಿನಲ್ಲಿ ಬೇಕಾದಷ್ಟು ವಿಡಿಯೊ ನೋಡಿರುತ್ತಾರೆ. ಮನೆಯಲ್ಲಿ ಹೆಸರನ್ನೂ ಇಟ್ಟು ಮುಗಿಸಿರುತ್ತಾರೆ. ನಾನು ತಿರುಗಿ ಕೇಳುವುದು, "ನಿಮ್ಮ ಮನೇಲಿ ಬೆಳಗ್ಗೆ ಐದೂವರೆಗೆ ಯಾರು ಏಳ್ತಾರೆ?" ಅಂತ. ಆ ಕಡೆಯಿಂದ ಸ್ವಲ್ಪ ಹೊತ್ತು ಉತ್ತರ ಬರುವುದಿಲ್ಲ. ತಳಿ ಯಾವುದು ಅನ್ನುವ ಮಾತು ಆಮೇಲಿನದು.

ಇವತ್ತು ನಾನು ಹೇಳಬೇಕು ಅಂದುಕೊಂಡಿರುವುದು ಇಷ್ಟೇ. ಈ ಬಾರ್ಡರ್ ಕೋಲಿ, ಜರ್ಮನ್ ಶೆಫರ್ಡ್, ಶೆಲ್ಟಿ, ಕೋರ್ಗಿ, ಮ್ಯಾಲಿನ್ವಾ ಎಲ್ಲವೂ ದನ, ಕುರಿ ಮಂದೆಯ ಕೆಲಸಕ್ಕೆ ಬೆಳೆಸಿದ ನಾಯಿಗಳು. ಆದರೆ ಒಂದೊಂದರ ಮೈಯಲ್ಲಿ ಆ ಕೆಲಸದ ಒಂದೊಂದು ಭಾಗ ಉಳಿದುಕೊಂಡಿದೆ. ಒಂದಕ್ಕೆ ದಿಟ್ಟಿಸುವುದು, ಒಂದಕ್ಕೆ ಗಡಿ ಕಾಯುವುದು, ಒಂದಕ್ಕೆ ಬೊಗಳುವುದು, ಒಂದಕ್ಕೆ ಹಿಮ್ಮಡಿ ಕಚ್ಚುವುದು. ನೀವು ನೂರು ಕುರಿ ಇಲ್ಲದ ಮನೆಗೆ ತಂದರೂ ಆ ಗುಣ ಜೊತೆಗೇ ಬರುತ್ತದೆ. ನಿಮ್ಮ ಮನೆ ಯಾವ ಗುಣವನ್ನು ತಡೆದುಕೊಳ್ಳಬಲ್ಲದು ಅಂತ ನೋಡಿ ಆರಿಸಬೇಕು.

ಕುರಿ ಮತ್ತು ನಾಯಿ ನಮಗೆ ಹೊಸದೇನಲ್ಲ. ಚಳ್ಳಕೆರೆ, ಹಿರಿಯೂರು, ಮೊಳಕಾಲ್ಮೂರು ಕಡೆ ಓಡಾಡಿದವರಿಗೆ ಗೊತ್ತು, ಮಂದೆಯ ಜೊತೆ ನಾಯಿ ಇದ್ದೇ ಇರುತ್ತದೆ. ಆ ನಾಯಿ ಹಗಲು ಹೊತ್ತು ಏನು ಮಾಡುತ್ತದೆ ಅಂತ ಗಮನಿಸಿದ್ದೀರಾ? ಮಂದೆಯ ಬದಿಯಲ್ಲಿ ಸುಮ್ನೆ ನಡೆಯುತ್ತದೆ. ಮರದ ನೆರಳು ಸಿಕ್ಕರೆ ಮಲಗುತ್ತದೆ. ಕುರಿ ತಿರುಗಿಸುವುದು ಕುರಿಗಾಹಿ. ಅವನ ಕೂಗು, ಕೋಲು, ಬೇಕಾದರೆ ಒಂದು ಸಣ್ಣ ಕಲ್ಲು. ನಾಯಿಯ ಕೆಲಸ ಶುರುವಾಗುವುದು ಕತ್ತಲಾದ ಮೇಲೆ. ಕುರಿಗಳು ರೊಪ್ಪದೊಳಗೆ ಸೇರಿದ ಮೇಲೆ ಅದು ಅಂಚಿನಲ್ಲಿ ಮಲಗಿ ತೋಳ, ಚಿರತೆ, ಕಳ್ಳರ ಸುಳಿವು ಹಿಡಿಯುತ್ತದೆ. ಮರಿಯಾಗಿದ್ದಾಗಿನಿಂದ ಕುರಿಮರಿಗಳ ಮಧ್ಯೆಯೇ ಬೆಳೆದಿರುತ್ತದೆ. ಕುರಿ ಓಡಿದರೆ ಅದಕ್ಕೆ ಅಟ್ಟಿಸಿಕೊಂಡು ಹೋಗಬೇಕು ಅನ್ನಿಸುವುದಿಲ್ಲ. ಅದು ಕಾವಲು ನಾಯಿ.

ಬಾರ್ಡರ್ ಕೋಲಿ ಇದರ ತದ್ವಿರುದ್ಧ. ತೋಳ ಬೇಟೆ ಆಡುವಾಗ ಮೊದಲು ದಿಟ್ಟಿಸುತ್ತದೆ, ಮೈ ಬಗ್ಗಿಸಿ ಹೊಂಚು ಹಾಕುತ್ತದೆ, ಅಟ್ಟುತ್ತದೆ, ಹಿಡಿಯುತ್ತದೆ, ಕೊಲ್ಲುತ್ತದೆ. ಎಲ್ಲ ನಾಯಿಗಳಿಗೂ ತೋಳವೇ ಮೂಲ. ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡಿನ ಗಡಿಯ ಕುರಿಗಾಹಿಗಳು ದಿಟ್ಟಿಸುವುದು, ಹೊಂಚು, ಅಟ್ಟುವುದು ಈ ಮೂರನ್ನೂ ಗಟ್ಟಿ ಮಾಡುತ್ತಾ, ಕೊಲ್ಲುವುದನ್ನು ಅಡಗಿಸುತ್ತಾ ತಲೆಮಾರುಗಟ್ಟಲೆ ಮರಿ ಮಾಡಿಸಿದರು. 1873ರಲ್ಲಿ ವೇಲ್ಸ್‌ನ ಬಾಲಾ ಅನ್ನುವ ಊರಿನಲ್ಲಿ ಇಂಥ ನಾಯಿಗಳ ಸ್ಪರ್ಧೆ ನಡೆಯಿತು. 1893ರಲ್ಲಿ ನಾರ್ತಂಬರ್ಲೆಂಡಿನಲ್ಲಿ ಹುಟ್ಟಿದ 'ಓಲ್ಡ್ ಹೆಂಪ್' ಅನ್ನುವ ಗಂಡು ನಾಯಿಯನ್ನು ಈ ತಳಿಯ ಮೂಲಪುರುಷ ಅಂತ ಕರೆಯುತ್ತಾರೆ. ಅದು ಬೊಗಳದೆ, ಕಚ್ಚದೆ, ಬರೀ ನೋಟದಿಂದಲೇ ಕುರಿಗಳನ್ನು ಸರಿಸುತ್ತಿತ್ತಂತೆ.

ಆ ನೋಟ ಇದೆಯಲ್ಲ, ಅದೇ ಪಟ್ಟಣದ ಮನೆಯಲ್ಲಿ ತೊಂದರೆ ಕೊಡುವುದು. ನಮ್ಮ ಊರಿನದೇ ಒಂದು ಮನೆ. ಮೂರನೇ ಮಹಡಿ, ಗಂಡ ಹೆಂಡತಿ ಇಬ್ಬರಿಗೂ ಕೆಲಸ. ಒಂದೂಕಾಲು ವರ್ಷದ ಬಾರ್ಡರ್ ಕೋಲಿ ಊಟ ಬಿಟ್ಟಿದೆ ಅಂತ ಕರೆದರು. ನಾನು ಹೋದಾಗ ಅದು ಹಾಲ್‌ನಲ್ಲಿ ಮುಂಗಾಲು ಮಡಚಿ, ತಲೆ ತಗ್ಗಿಸಿ ಗೋಡೆ ನೋಡುತ್ತಿತ್ತು. ಅಡುಗೆಮನೆಯಲ್ಲಿ ಆ ತಾಯಿ ಸ್ಟೀಲ್ ತಟ್ಟೆ ಒರೆಸುತ್ತಿದ್ದರು. ತಟ್ಟೆಗೆ ಬಿಸಿಲು ಬಿದ್ದು ಬೆಳಕಿನ ಚುಕ್ಕೆಯೊಂದು ಗೋಡೆ ಮೇಲೆ ಓಡುತ್ತಿತ್ತು. ಚುಕ್ಕೆ ಸರಿದ ಕಡೆ ನಾಯಿಯ ಕಣ್ಣು. ತಟ್ಟೆ ಕೆಳಗಿಟ್ಟರು, ಚುಕ್ಕೆ ಹೋಯಿತು. ನಾಯಿ ಮಾತ್ರ ಅದೇ ಜಾಗ ನೋಡುತ್ತಾ ನಿಂತಿತ್ತು. ಹೆಸರು ಹಿಡಿದು ಕರೆದರೂ ಕಿವಿ ಅಲುಗಾಡಲಿಲ್ಲ. ಮೂಗಿನ ಹತ್ತಿರ ಕೋಳಿ ತುಂಡು ಹಿಡಿದರೂ ತಿರುಗಲಿಲ್ಲ. ಬಾರ್ಡರ್ ಕೋಲಿಗಳಲ್ಲಿ ಬೆಳಕು, ನೆರಳಿನ ಹಿಂದೆ ಬೀಳುವ ಈ ಗೀಳು ಹೊಸದಲ್ಲ. ಆಟಕ್ಕೆ ಅಂತ ಲೇಸರ್ ಲೈಟ್ ತೋರಿಸುವವರಿದ್ದಾರೆ, ದಯವಿಟ್ಟು ಬೇಡ. ಹಿಡಿಯಲು ಆಗದ ಬೇಟೆ ಅದು, ತಲೆಯೊಳಗೆ ಮುಗಿಯುವುದೇ ಇಲ್ಲ.

ಅದು ಬುದ್ಧಿವಂತ ನಾಯಿ ಅಲ್ವಾ ಅಂತ ನೀವು ಕೇಳಬಹುದು. ಖಂಡಿತ ಹೌದು. ಅಮೆರಿಕದಲ್ಲಿ ಚೇಸರ್ ಅನ್ನುವ ಬಾರ್ಡರ್ ಕೋಲಿ 1,022 ಆಟದ ಸಾಮಾನುಗಳ ಹೆಸರು ಕಲಿತಿತ್ತು. ಅದರ ವರದಿ 2011ರಲ್ಲಿ ಪ್ರಕಟವಾಯಿತು. ಆದರೆ ಅದಕ್ಕೆ ಕಲಿಸಿದ ಜಾನ್ ಪಿಲ್ಲಿ ನಿವೃತ್ತ ಮನಶ್ಶಾಸ್ತ್ರ ಪ್ರಾಧ್ಯಾಪಕರು. ಮೂರು ವರ್ಷ, ದಿನಕ್ಕೆ ನಾಲ್ಕೈದು ಗಂಟೆ ಅದರ ಜೊತೆ ಕೂತರು. ಬುದ್ಧಿ ಜಾಸ್ತಿ ಇರುವ ನಾಯಿ ನಿಮ್ಮ ಸಮಯವನ್ನೂ ಜಾಸ್ತಿ ಕೇಳುತ್ತದೆ. ಬೆಳಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ, ಮಧ್ಯೆ ತಲೆಗೆ ಕೆಲಸ. ವರ್ಷದ ಎಲ್ಲಾ ದಿನ ಇಷ್ಟು ಕೊಡಲು ಆಗುತ್ತದೆ ಅನ್ನುವವರು ಮಾತ್ರ ತನ್ನಿ. ಅಂಥವರಿಗೆ ಅದರಷ್ಟು ಒಳ್ಳೆಯ ಜೊತೆ ಇನ್ನೊಂದಿಲ್ಲ.

ಈಗ ಜರ್ಮನ್ ಶೆಫರ್ಡ್. ನಮ್ಮ ಹಿರಿಯರು ಇದನ್ನೇ ಆಲ್ಸೇಷಿಯನ್ ಅನ್ನುತ್ತಿದ್ದರು. 1899ರಲ್ಲಿ ಜರ್ಮನಿಯ ಮ್ಯಾಕ್ಸ್ ಫಾನ್ ಸ್ಟೆಫಾನಿಟ್ಸ್ ಅನ್ನುವ ಮಾಜಿ ಸೇನಾಧಿಕಾರಿ ಹೊರಾಂಡ್ ಅನ್ನುವ ನಾಯಿಯನ್ನು ಕೊಂಡು, ತಳಿಯ ಸಂಘ ಕಟ್ಟಿದರು. ಅಲ್ಲಿನ ಕುರಿ ಮೇಯಿಸುವ ರೀತಿ ನಮ್ಮವರಿಗೆ ಬೇಗ ಅರ್ಥ ಆಗುತ್ತದೆ. ಬೇಲಿ ಇಲ್ಲದ ಹೊಲಗಳು, ಮಧ್ಯೆ ಮೇಯಲು ಒಂದಿಷ್ಟು ಹುಲ್ಲಿನ ಪಟ್ಟಿ. ನಮ್ಮ ಜಗಳೂರು ರಸ್ತೆಯಲ್ಲಿ ಎರಡೂ ಕಡೆ ಮೆಕ್ಕೆಜೋಳ, ನಡುವೆ ಕುರಿ ದಾಟಿಸಬೇಕು ಅಂದ್ರೆ ಎಷ್ಟು ಜನ ಬೇಕು ಹೇಳಿ. ಅಲ್ಲಿ ಆ ಕೆಲಸ ನಾಯಿಯದು. ಬೆಳೆಯ ಅಂಚಿನಲ್ಲಿ ಹಿಂದಕ್ಕೂ ಮುಂದಕ್ಕೂ ಓಡಾಡುತ್ತಾ ಇಡೀ ದಿನ ತಾನೇ ಬೇಲಿಯಾಗಿ ನಿಲ್ಲುತ್ತಿತ್ತು.

ನಿಮ್ಮ ಕಾಂಪೌಂಡಿನ ಒಳಗೆ ಗೋಡೆಯುದ್ದಕ್ಕೂ ಹುಲ್ಲು ಸವೆದು ಗೆರೆ ಬೀಳುವುದನ್ನು ಶೆಫರ್ಡ್ ಸಾಕಿದವರೆಲ್ಲ ನೋಡಿದ್ದೀರಿ. ಅದು ಆ ಹಳೆಯ ಕೆಲಸವೇ. ಮನೆಯವರೆಲ್ಲ ಒಂದು ಕಡೆ ಕೂತರೆ ಅದಕ್ಕೆ ಸಮಾಧಾನ. ಒಬ್ಬರು ಎದ್ದು ಒಳಗೆ ಹೋದರೆ ಹಿಂದೆಯೇ ಹೋಗಿ ನೋಡಿ ಬರುತ್ತದೆ. ನಮ್ಮ ಬಡಾವಣೆಗಳ ಮನೆಗೆ, ಸುತ್ತ ಸ್ವಲ್ಪ ಜಾಗ ಇದ್ದು, ಯಾರಾದರೂ ಒಬ್ಬರು ಇಡೀ ದಿನ ಮನೆಯಲ್ಲಿ ಇರುವುದಾದರೆ ಇದು ಹೊಂದುತ್ತದೆ. ಆದರೆ ಗೇಟಿಗೆ ಕಟ್ಟಿ ಬೆಳೆಸಿದರೆ ಆ ಗಡಿ ಕಾಯುವ ಗುಣವೇ ಹಾಲಿನವನು, ಪೇಪರಿನವನು, ಅತ್ತೆ ಮಾವ ಯಾರನ್ನೂ ಬಿಡದ ಸಿಟ್ಟಾಗುತ್ತದೆ. ಹಾಗಾಗಬಾರದು ಅಂದ್ರೆ ಮರಿಗೆ ಮೂರು ವಾರದಿಂದ ಮೂರೂವರೆ ತಿಂಗಳು ಆಗುವವರೆಗಿನ ಅವಧಿ ಬಹಳ ಮುಖ್ಯ. ಲಸಿಕೆ ಪೂರ್ತಿ ಆಗಿಲ್ಲದಿದ್ದರೂ ಮರಿಯನ್ನು ಎತ್ತಿಕೊಂಡೇ ಹೊರಗೆ ಹೋಗಿ. ಆಟೊ, ಹೆಲ್ಮೆಟ್ ಹಾಕಿದವರು, ಕೋಲು ಹಿಡಿದ ಅಜ್ಜ, ಬುರ್ಖಾ ತೊಟ್ಟವರು, ಶಾಲೆ ಬಿಟ್ಟ ಮಕ್ಕಳ ಗಲಾಟೆ ಎಲ್ಲ ಕಾಣಲಿ. ದುಗ್ಗಮ್ಮನ ಜಾತ್ರೆಗೆ ಕರೆದುಕೊಂಡು ಹೋಗಿ ಅಂತ ಹೇಳುತ್ತಿಲ್ಲ. ದೂರದಿಂದ ತಮಟೆ ಸದ್ದು ಕೇಳಿಸಿ, ಜೊತೆಗೆ ಒಂದು ತುಂಡು ಬೇಯಿಸಿದ ಮೊಟ್ಟೆ ಕೊಡಿ.

ಶೆಫರ್ಡ್‌ಗೆ ಸೊಂಟದ ಕೀಲಿನ ತೊಂದರೆ ವಂಶದಲ್ಲೇ ಬರುತ್ತದೆ. ತಂದೆ ತಾಯಿಯ ಸೊಂಟದ ಎಕ್ಸ್‌ರೇ ಕೇಳಿ. ಕೊಡದಿದ್ದರೆ ಮರಿ ಬೇಡ. ಹಿಂಗಾಲು ಮಡಚಿ ನೆಲಕ್ಕೆ ಇಳಿದ ಹಾಗೆ ಕಾಣುವ ನಾಯಿ ಫೋಟೊದಲ್ಲಿ ಚೆನ್ನಾಗಿರಬಹುದು, ನಡೆಯುವಾಗ ನೋಡಿ. ಉಣ್ಣಿ ಜ್ವರ ಕೂಡ ಈ ತಳಿಗೆ ಬೇರೆಯವಕ್ಕಿಂತ ಜೋರಾಗಿ ಹಿಡಿಯುತ್ತದೆ. ಜ್ವರ, ಊಟ ಬಿಡುವುದು, ಮೂಗಿನಲ್ಲಿ ರಕ್ತ ಇವು ಕಂಡರೆ ನಾಳೆ ನೋಡೋಣ ಅನ್ನಬೇಡಿ.

ಕೋರ್ಗಿ ಬಗ್ಗೆ ಜಾಸ್ತಿ ಹೇಳುವುದಿಲ್ಲ. ವೇಲ್ಸ್‌ನಲ್ಲಿ ದನ ಹೊಡೆಯಲು ಇಟ್ಟುಕೊಂಡ ಗಿಡ್ಡ ನಾಯಿ. ದನದ ಹಿಮ್ಮಡಿ ಕಚ್ಚಿ, ಒದೆ ತಪ್ಪಿಸಿಕೊಳ್ಳುವುದು ಅದರ ಕೆಲಸ. ಮನೆಯಲ್ಲಿ ಓಡಾಡುವ ಚಿಕ್ಕ ಮಕ್ಕಳ ಕಾಲು ಅದಕ್ಕೆ ದನದ ಕಾಲೇ. ಬೆನ್ನು ಉದ್ದ, ಮೆಟ್ಟಿಲು ಹತ್ತಿ ಇಳಿಸಿದರೆ ಡಿಸ್ಕ್ ತೊಂದರೆ. ಶೆಲ್ಟಿ ಶೆಟ್‌ಲ್ಯಾಂಡ್ ದ್ವೀಪಗಳದ್ದು. ಬೆಳೆಯ ಕಡೆ ಬಂದ ಕುರಿಯನ್ನು ಬೊಗಳಿ ಓಡಿಸುವುದು ಅದರ ಪಾಲಿಗೆ ಬಂದ ಭಾಗ. ಅಪಾರ್ಟ್‌ಮೆಂಟಿನಲ್ಲಿ ಲಿಫ್ಟ್ ಸದ್ದಾದಾಗಲೆಲ್ಲ ಬೊಗಳುತ್ತದೆ. ಪಕ್ಕದ ಮನೆಯವರು ಒಳ್ಳೆಯವರಾಗಿದ್ದರೆ ಸರಿ. ಸ್ವಭಾವ ಮೃದು, ಗಾತ್ರ ಚಿಕ್ಕದು. ಮೊದಲ ಸಲ ನಾಯಿ ಸಾಕುವವರಿಗೆ ಈ ಗುಂಪಿನಲ್ಲಿ ನಾನು ಧೈರ್ಯವಾಗಿ ಹೇಳುವುದು ಇದೊಂದನ್ನೇ.

ಬೆಲ್ಜಿಯನ್ ಮ್ಯಾಲಿನ್ವಾ ಬೇಡ. ಇಷ್ಟು ನೇರವಾಗಿ ಹೇಳುತ್ತೇನೆ. ಬೆಂಗಳೂರಿನ ಹತ್ತಿರ ತರಳುವಿನಲ್ಲಿ ಸಿಆರ್‌ಪಿಎಫ್‌ನವರು ಇವನ್ನು ತರಬೇತಿ ಮಾಡುತ್ತಾರೆ, ಅದು ಅವುಗಳಿಗೆ ಸರಿಯಾದ ಜಾಗ. ನಮ್ಮ ದಾವಣಗೆರೆ ಪೊಲೀಸ್ ಶ್ವಾನದಳದ ತುಂಗಾ ನಿಮಗೆಲ್ಲ ನೆನಪಿದೆ. 2020ರಲ್ಲಿ ಕೊಲೆ ಪ್ರಕರಣವೊಂದರಲ್ಲಿ ಹತ್ತು ಕಿಲೋಮೀಟರಿಗೂ ಹೆಚ್ಚು ದೂರ ವಾಸನೆ ಹಿಡಿದು ಓಡಿತ್ತು. ತುಂಗಾ ಡಾಬರ್‌ಮನ್, ಮಂದೆಯ ತಳಿ ಅಲ್ಲ. ಆದರೂ ಯಾಕೆ ಹೇಳುತ್ತಿದ್ದೇನೆ ಅಂದ್ರೆ, ಆ ಸುದ್ದಿ ಓದಿದ ಮೇಲೆ ಅಂಥ ನಾಯಿ ಬೇಕು ಅಂತ ಕೇಳಿದವರು ಬಹಳ ಜನ. ಆ ನಾಯಿಯ ಹಿಂದೆ ಅದನ್ನೇ ಉದ್ಯೋಗ ಮಾಡಿಕೊಂಡ ಪೊಲೀಸರಿರುತ್ತಾರೆ. ನಾವು ಆಫೀಸು, ಅಂಗಡಿ ಮುಗಿಸಿ ರಾತ್ರಿ ಒಂಬತ್ತಕ್ಕೆ ಮನೆ ಸೇರುವವರು.

ಇನ್ನು 'ಶೆಫರ್ಡ್' ಅಂತ ಹೆಸರಿದ್ದ ಮಾತ್ರಕ್ಕೆ ಒಂದೇ ಜಾತಿ ಅಂದುಕೊಳ್ಳಬೇಡಿ. ಕಾಕೇಷಿಯನ್ ಶೆಫರ್ಡ್, ಸೆಂಟ್ರಲ್ ಏಷ್ಯನ್ ಶೆಫರ್ಡ್ ಇವು ತೋಳದ ಜೊತೆ ಕಾದಾಡುವ ದೊಡ್ಡ ಕಾವಲು ನಾಯಿಗಳು. 2024ರ ಮಾರ್ಚ್‌ನಲ್ಲಿ ಕೇಂದ್ರದ ಸುತ್ತೋಲೆ 23 ತಳಿಗಳನ್ನು ನಿಷೇಧಿಸಲು ಹೇಳಿದಾಗ ಇವೂ ಪಟ್ಟಿಯಲ್ಲಿದ್ದವು. ಏಪ್ರಿಲ್‌ನಲ್ಲಿ ನಮ್ಮ ಹೈಕೋರ್ಟ್ ಆ ಸುತ್ತೋಲೆಯನ್ನು ರದ್ದು ಮಾಡಿತು. ಕಾನೂನು ತಡೆಯದಿದ್ದರೂ ಮೂವತ್ತು ನಲವತ್ತರ ಸೈಟಿನಲ್ಲಿ ಅಂಥ ನಾಯಿ ಸಾಕುವುದು ಸರಿಯಲ್ಲ.

ಈಗ ಹೇಳುವುದನ್ನು ದಯವಿಟ್ಟು ಗಮನ ಇಟ್ಟು ಕೇಳಿ. ಐವರ್‌ಮೆಕ್ಟಿನ್. ಕುರಿ ಸಾಕಿದ ಮನೆಗಳಲ್ಲಿ ಈ ಬಾಟಲಿ ಇದ್ದೇ ಇರುತ್ತದೆ. ಜಂತುಹುಳಕ್ಕೂ ಕಜ್ಜಿಗೂ ಕುರಿಗೆ ಚುಚ್ಚುತ್ತಾರೆ, ಒಳ್ಳೆಯ ಔಷಧವೇ. ನಾಯಿಗೆ ಉಣ್ಣಿ ಆದಾಗ ಅದೇ ಬಾಟಲಿಯಿಂದ ಒಂದಿಷ್ಟು ಎಳೆದು ಚುಚ್ಚುವುದು ನಮ್ಮ ಜಿಲ್ಲೆಗಳಲ್ಲಿ ಮಾಮೂಲಿ. ನಾಡ ನಾಯಿ ಹೇಗೋ ತಡೆದುಕೊಳ್ಳಬಹುದು. ಆದರೆ ಈ ಮಂದೆಯ ತಳಿಗಳಲ್ಲಿ ಕೆಲವಕ್ಕೆ ಎಂಡಿಆರ್-1 ಅನ್ನುವ ಜೀನ್ ಕೆಟ್ಟಿರುತ್ತದೆ. ಸಾಮಾನ್ಯವಾಗಿ ಇಂಥ ಔಷಧ ಮೆದುಳಿಗೆ ಹೋಗದಂತೆ ಹೊರಗೆ ತಳ್ಳುವ ವ್ಯವಸ್ಥೆ ದೇಹದಲ್ಲಿದೆ. ಈ ನಾಯಿಗಳಲ್ಲಿ ಅದು ಕೆಲಸ ಮಾಡುವುದಿಲ್ಲ. ಔಷಧ ಸೀದಾ ಮೆದುಳಿಗೆ ಇಳಿಯುತ್ತದೆ. ಇದನ್ನು ಅಮೆರಿಕದ ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯದವರು 2001ರಲ್ಲಿ ಕಂಡುಹಿಡಿದರು. ಅವರ ಲೆಕ್ಕದಲ್ಲಿ ಉದ್ದ ಕೂದಲಿನ ಕೋಲಿಗಳಲ್ಲಿ (ಇದು ಬಾರ್ಡರ್ ಕೋಲಿ ಅಲ್ಲ, ಬೇರೆ ತಳಿ) ನೂರಕ್ಕೆ ಸುಮಾರು 70ರಲ್ಲಿ ಈ ದೋಷ ಇದೆ. ಆಸ್ಟ್ರೇಲಿಯನ್ ಶೆಫರ್ಡ್‌ಗಳಲ್ಲಿ ಸುಮಾರು ಅರ್ಧದಷ್ಟು. ಶೆಲ್ಟಿಯಲ್ಲಿ 15, ಜರ್ಮನ್ ಶೆಫರ್ಡ್‌ನಲ್ಲಿ 10, ಬಾರ್ಡರ್ ಕೋಲಿಯಲ್ಲಿ ಐದಕ್ಕಿಂತ ಕಡಿಮೆ.

ದೋಷ ಇರುವ ನಾಯಿಗೆ ವಿಷ ಆಗಲು, ಕುರಿಗೆ ತೂಕದ ಲೆಕ್ಕದಲ್ಲಿ ಕೊಡುವಷ್ಟೇ ಪ್ರಮಾಣ ಸಾಕು. ಮೊದಲು ಕುಡಿದವರ ಹಾಗೆ ತೂರಾಡುತ್ತದೆ. ಕಣ್ಣಿನ ಪಾಪೆ ಅಗಲವಾಗುತ್ತದೆ, ಗೋಡೆಗೆ ಡಿಕ್ಕಿ ಹೊಡೆಯುತ್ತದೆ, ಜೊಲ್ಲು ಸುರಿಯುತ್ತದೆ, ಆಮೇಲೆ ಎಚ್ಚರ ತಪ್ಪುತ್ತದೆ. ಇದಕ್ಕೆ ಪ್ರತಿಔಷಧ ಇಲ್ಲ. ದಿನಗಟ್ಟಲೆ ಡ್ರಿಪ್ ಹಾಕಿ, ಮಗ್ಗುಲು ಬದಲಿಸುತ್ತಾ ಕಾಯಬೇಕು. ಕೆಲವು ಉಳಿಯುತ್ತವೆ, ಕೆಲವು ಇಲ್ಲ. ಬೇಧಿ ನಿಲ್ಲಿಸಲು ಮೆಡಿಕಲ್ ಶಾಪಿನಲ್ಲಿ ಸಿಗುವ ಲೋಪೆರಮೈಡ್ ಮಾತ್ರೆಯೂ ಇವಕ್ಕೆ ಇದೇ ಥರ ಅಪಾಯ. ನಿಮ್ಮ ನಾಯಿ ಕೋಲಿ, ಶೆಲ್ಟಿ, ಆಸ್ಟ್ರೇಲಿಯನ್ ಶೆಫರ್ಡ್ ಅಥವಾ ಅವುಗಳ ಮಿಶ್ರ ತಳಿ ಆಗಿದ್ದರೆ ಯಾವ ಡಾಕ್ಟರ ಹತ್ತಿರ ಹೋದರೂ ಮೊದಲು ಇದನ್ನು ಹೇಳಿ. ಈ ಜೀನ್‌ಗೆ ಪರೀಕ್ಷೆ ಇದೆ, ಒಂದು ಸಲ ಮಾಡಿಸಿದರೆ ಆಯಿತು.

ಬಿಸಿಲಿನ ವಿಚಾರಕ್ಕೆ ಬರೋಣ. ಏಪ್ರಿಲ್ ಬಂದರೆ ನಮ್ಮಲ್ಲಿ 38, 39 ಡಿಗ್ರಿ ಹೊಸದಲ್ಲ. ನಾಯಿಯ ಮೈ ಶಾಖವೇ 38ರಿಂದ 39ರ ಆಸುಪಾಸು. ಅದಕ್ಕೆ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ, ತೇಕುತ್ತಲೇ ತಣ್ಣಗಾಗಬೇಕು. ಹೊರಗಿನ ಗಾಳಿಯೇ ಅಷ್ಟು ಬಿಸಿ ಇದ್ದರೆ ಏನು ಮಾಡುತ್ತದೆ? ಮಾರ್ಚ್‌ನಿಂದ ಮಳೆ ಹಿಡಿಯುವವರೆಗೆ ವಾಕಿಂಗ್ ಬೆಳಗ್ಗೆ ಏಳರೊಳಗೆ ಮುಗಿಯಬೇಕು. ಕುಂದವಾಡ ಕೆರೆ ಏರಿ ಮೇಲೆ ಎಂಟೂವರೆಗೆ ಶೆಫರ್ಡ್ ಎಳೆದುಕೊಂಡು ಓಡುವವರನ್ನು ನೋಡಿದರೆ ನನಗೆ ಹೊಟ್ಟೆ ಕಿವುಚುತ್ತದೆ. ಬಾರ್ಡರ್ ಕೋಲಿಯ ಕಷ್ಟ ಏನಂದ್ರೆ, ನೀವು ಚೆಂಡು ಎಸೆಯುತ್ತಿರುವಷ್ಟು ಹೊತ್ತೂ ಅದು ನಿಲ್ಲುವುದಿಲ್ಲ, ಕುಸಿದು ಬೀಳುವವರೆಗೂ ಓಡುತ್ತದೆ. ನಿಲ್ಲಿಸುವುದು ನಿಮ್ಮ ಜವಾಬ್ದಾರಿ. ಮೈ ಶಾಖ 41 ದಾಟಿದರೆ ಜೀವಕ್ಕೇ ಅಪಾಯ. ಅಲ್ಲೇ ನಲ್ಲಿ ನೀರು ಸುರಿದು, ಫ್ಯಾನ್ ಹಾಕಿ, ಆಮೇಲೆ ಡಾಕ್ಟರ ಹತ್ತಿರ ಓಡಿ. ಬೇಸಿಗೆ ಅಂತ ಕೂದಲು ಬೋಳಿಸಬೇಡಿ. ಇವಕ್ಕೆ ಎರಡು ಪದರ ಕೂದಲು, ಮೇಲಿನದು ಬಿಸಿಲು ತಡೆಯುತ್ತದೆ. ಒಳಗಿನ ಉದುರಿದ ಕೂದಲನ್ನು ಬಾಚಿ ತೆಗೆದರೆ ಸಾಕು.

ಹಗಲೆಲ್ಲ ಒಳಗಿದ್ದರೆ ಅದರ ಕೆಲಸದ ಗತಿ ಏನು? ಮೂಗಿಗೆ ಕೆಲಸ ಕೊಡಿ. ಊಟವನ್ನು ತಟ್ಟೆಗೆ ಹಾಕಬೇಡಿ. ಬೇಯಿಸಿದ ಕೋಳಿ ತುಂಡನ್ನು ಹಳೇ ಟವೆಲಿನಲ್ಲಿ ಸುತ್ತಿ, ಖಾಲಿ ರಟ್ಟಿನ ಡಬ್ಬದೊಳಗೆ, ಬಾಗಿಲ ಹಿಂದೆ, ಮಂಚದ ಕಾಲಿನ ಪಕ್ಕ ಅಡಗಿಸಿ ಹುಡುಕಲು ಬಿಡಿ. ಕಾಲು ಗಂಟೆ ಹೀಗೆ ಮೂಸಿ ಹುಡುಕಿದ ನಾಯಿ ಮಧ್ಯಾಹ್ನ ತಾನಾಗೇ ಮಲಗುತ್ತದೆ. ಹೆಂಗಸರು, ಅಜ್ಜ ಅಜ್ಜಿಯರೂ ಆಡಿಸಬಹುದಾದ ಆಟ ಇದು, ಚೈನು ಎಳೆದಾಡುವ ಬಲ ಬೇಡ.

ಮರಿ ಕೊಳ್ಳುವಾಗ ಎಂಟು ವಾರ ತುಂಬದ ಮರಿ ಮಾರುವಂತಿಲ್ಲ, 2017ರ ನಿಯಮ ಇದೆ. ಮೂವತ್ತೈದು ದಿನದ ಮರಿಯನ್ನು ಬುಟ್ಟಿಯಲ್ಲಿಟ್ಟು ಬಸ್ಸಿನಲ್ಲಿ ಕಳಿಸುತ್ತೇವೆ ಅನ್ನುವವರ ಹತ್ತಿರ ವ್ಯಾಪಾರ ಮಾಡಬೇಡಿ. ತಾಯಿ ನಾಯಿಯನ್ನು ನೋಡಲೇಬೇಕು. ನೀವು ಒಳಗೆ ಹೋದಾಗ ತಾಯಿ ಮೂಲೆಗೆ ಸರಿದರೆ, ಗುರ್ ಅಂದರೆ, ಮರಿಗಳೂ ಬಹುಮಟ್ಟಿಗೆ ಹಾಗೇ ಆಗುತ್ತವೆ. ಬೂದು ಮೈಮೇಲೆ ಕಪ್ಪು ಮಚ್ಚೆ, ನೀಲಿ ಕಣ್ಣಿನ ಮರಿಗಳಿಗೆ ಈಗ ಬೇಡಿಕೆ ಜಾಸ್ತಿ. ಅದನ್ನು ಮರ್ಲ್ ಬಣ್ಣ ಅನ್ನುತ್ತಾರೆ. ತಂದೆ ತಾಯಿ ಎರಡೂ ಮರ್ಲ್ ಆಗಿದ್ದರೆ ನಾಲ್ಕರಲ್ಲಿ ಒಂದು ಮರಿಗೆ ಆ ಜೀನ್ ಎರಡೂ ಕಡೆಯಿಂದ ಬರುವ ಸಾಧ್ಯತೆ ಇದೆ. ಅಂಥವು ಹೆಚ್ಚಾಗಿ ಬೆಳ್ಳಗಿರುತ್ತವೆ, ಕಿವುಡು, ಕುರುಡು ಆಗುವ ಅಪಾಯ ದೊಡ್ಡದು. ಮರಿ ಬೇರೆ ಕಡೆ ನೋಡುವಾಗ ಹಿಂದಿನಿಂದ ಕೀಲಿಕೈ ಗೊಂಚಲು ಅಲ್ಲಾಡಿಸಿ ನೋಡಿ.

ಮಾತು ಮುಗಿಸುವ ಮೊದಲೇ ಹಿಂದಿನ ಸಾಲಿನಿಂದ ಒಂದು ಪ್ರಶ್ನೆ ಬಂತು. ಚಳ್ಳಕೆರೆ ಕಡೆಯಿಂದ ಬಂದ ಕುರಿ ಸಾಕುವ ಅಣ್ಣನವರು, "ಸಾರ್, ಈ ಬಾರ್ಡರ್ ಕೋಲಿ ತಂದ್ರೆ ನನ್ನ ಕುರಿ ಕಾಯ್ತದಾ?" ಅಂತ ಕೇಳಿದ್ದಾರೆ. ಕಾಯುವುದಿಲ್ಲ ಅಣ್ಣ. ಅದು ಹದಿನೈದು, ಇಪ್ಪತ್ತು ಕಿಲೋ ತೂಗುವ ನಾಯಿ. ರಾತ್ರಿ ತೋಳ ಬಂದರೆ ಮೊದಲು ಹೋಗುವುದು ಅದೇ. ಹಗಲಿಗಾದರೂ ಉಪಯೋಗ ಆಗಬೇಕಾದರೆ ಕಲಿಸಿದ ಮನುಷ್ಯ ಬೇಕು. ಕಲಿಸದೆ ಬಿಟ್ಟರೆ ಗಬ್ಬದ ಕುರಿಗಳನ್ನು ಓಡಿಸಿ ಕಂದು ಹಾಕಿಸುತ್ತದೆ. ನಿಮ್ಮ ರೊಪ್ಪದಲ್ಲಿರುವ ನಾಯಿಗೆ ರೇಬೀಸ್ ಲಸಿಕೆ ಹಾಕಿಸಿ, ಜಂತು ಔಷಧ ಕೊಡಿ. ಆ ಕೆಲಸಕ್ಕೆ ಅದಕ್ಕಿಂತ ಒಳ್ಳೆಯ ನಾಯಿ ನಾನು ಹೇಳಲಾರೆ. ಚನ್ನಗಿರಿ ಕಡೆ ಅಡಿಕೆ ತೋಟದ ಮನೆಯವರೂ ಇಲ್ಲಿದ್ದೀರಿ. ನಿಮಗೆ ಬೇಕಾಗಿರುವುದು ಕಾವಲು ಅಂತಾದರೆ, ಇಂಥ ಕುರಿಹಟ್ಟಿಯಿಂದ ಒಂದು ಮರಿ ಕೇಳಿ ತನ್ನಿ.

ಇನ್ನೊಬ್ಬ ತಾಯಿ ಚೀಟಿಯಲ್ಲಿ ಬರೆದು ಕಳಿಸಿದ್ದಾರೆ. ಮಗ ಪಿಯುಸಿ ಎರಡನೇ ವರ್ಷ, ಬಾರ್ಡರ್ ಕೋಲಿಗೆ ಹಟ ಹಿಡಿದಿದ್ದಾನೆ, ಕೊಡಿಸಬಹುದಾ ಅಂತ. ಅಮ್ಮಾ, ಮುಂದಿನ ವರ್ಷ ಅವನು ಹಾಸ್ಟೆಲಿಗೆ ಹೋಗುತ್ತಾನೆ. ಆ ನಾಯಿ ಹನ್ನೆರಡರಿಂದ ಹದಿನೈದು ವರ್ಷ ಬದುಕುತ್ತದೆ. ಐದೂವರೆಗೆ ಎದ್ದು ಅದರ ಜೊತೆ ಹೋಗಬೇಕಾದವರು ನೀವೇ. ನಿಮಗೆ ಇಷ್ಟ ಇದ್ದು, ಮಂಡಿ ನೋವು ಇಲ್ಲದಿದ್ದರೆ ತನ್ನಿ. ಇಲ್ಲವಾದರೆ, ಮನೆಯವರು ಬಿಟ್ಟುಕೊಟ್ಟ ಆರೇಳು ವರ್ಷದ ನಾಯಿಗಳು ಸಿಗುತ್ತವೆ. ಅವುಗಳ ಸ್ವಭಾವ ಹೇಗೆ ಅಂತ ಆಗಲೇ ಗೊತ್ತಿರುತ್ತದೆ, ಓಟವೂ ಸ್ವಲ್ಪ ಇಳಿದಿರುತ್ತದೆ. ಅಂಥದ್ದು ಬಂದರೆ ನಾನೇ ನಿಮಗೆ ಫೋನ್ ಮಾಡುತ್ತೇನೆ, ನಂಬರ್ ಬರೆಸಿ ಹೋಗಿ.